ಮನೆಯಲ್ಲಿ ಕೂತು ಅಣೆಕಟ್ಟಿನ ಅಪಾಯ ಅಳೆಯುವುದು ಹೇಗೆ?

ಅಣೆಕಟ್ಟಿನ ಸುರಕ್ಷತೆ ಅಂದ ಕೂಡಲೇ ಹೆಲ್ಮೆಟ್ ಹಾಕಿಕೊಂಡು ಕಟ್ಟೆಯ ಮೇಲೆ ಓಡಾಡುವ ಎಂಜಿನಿಯರ್ ಕಣ್ಣಮುಂದೆ ಬರುತ್ತಾರೆ. ಆ ಕೆಲಸ ಇದ್ದೇ ಇದೆ. ಅದರ ಜೊತೆಗೆ ಇನ್ನೊಂದು ಕೆಲಸವೂ ಇದೆ, ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಈ ಅಣೆಕಟ್ಟು ಯಾವ ಯಾವ ರೀತಿಯಲ್ಲಿ ಒಡೆಯಬಹುದು, ಒಂದು ವರ್ಷದಲ್ಲಿ ಹಾಗಾಗುವ ಸಾಧ್ಯತೆ ಎಷ್ಟು, ಒಡೆದರೆ ಕೆಳಗಿರುವ ಜನರ ಗತಿ ಏನು ಎಂದು ಲೆಕ್ಕ ಹಾಕುವ ಕೆಲಸ ಅದು. ಮಾಡುವವರನ್ನು ರಿಸ್ಕ್ ಅನಲಿಸ್ಟ್ ಎನ್ನುತ್ತಾರೆ. ಇದರಲ್ಲಿ ಬಹುಪಾಲು ಓದು, ಲೆಕ್ಕ, ಮಾತುಕತೆ ಮತ್ತು ಬರವಣಿಗೆ. ಹಾಗಾಗಿ ಮನೆಯಿಂದಲೇ ಮಾಡುವವರೂ ಇದ್ದಾರೆ.

ಅಣೆಕಟ್ಟಿನ ಹತ್ತಿರವೇ ಇಲ್ಲದೆ ಅದು ಒಡೆಯುತ್ತದೋ ಇಲ್ಲವೋ ಎಂದು ಹೇಗೆ ಹೇಳುತ್ತಾರೆ? ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಮೊದಲು ಆ ಲೆಕ್ಕ ಹುಟ್ಟುವ ಬಗೆ ತಿಳಿಯಬೇಕು.

ಹಳೆಯ ಪದ್ಧತಿಯಲ್ಲಿ ಪ್ರಶ್ನೆ ಸರಳವಾಗಿತ್ತು. ಅಣೆಕಟ್ಟು ನಿಯಮಕ್ಕೆ ತಕ್ಕ ಹಾಗೆ ಇದೆಯೋ ಇಲ್ಲವೋ, ಅಷ್ಟೇ. ಇಳಿಜಾರಿನ ಸುರಕ್ಷತಾ ಗುಣಾಂಕ (ಜಾರದಂತೆ ಹಿಡಿಯುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬ ಲೆಕ್ಕ) 1.5 ಬಂದರೆ ಪಾಸು, ಬರದಿದ್ದರೆ ಫೇಲು. ಇದು ಈಗಲೂ ಬೇಕು, ಆದರೆ ಸಾಲದು. 1.5 ಇರುವ ಎರಡು ಅಣೆಕಟ್ಟುಗಳಲ್ಲಿ ಒಂದರ ಕೆಳಗೆ ಊರು ಇರಬಹುದು, ಇನ್ನೊಂದರ ಕೆಳಗೆ ಬರೀ ಕಾಡು. ಅಲ್ಲದೆ ಒಡೆದ ಮಣ್ಣಿನ ಅಣೆಕಟ್ಟುಗಳ ಚರಿತ್ರೆ ನೋಡಿದರೆ, ಸುಮಾರು ಅರ್ಧದಷ್ಟು ಕಡೆ ನೀರು ಮೇಲಿಂದ ಉಕ್ಕಿ ಹರಿದಿದೆ. ಉಳಿದ ಅರ್ಧದಲ್ಲಿ ಬಹುಪಾಲು ಒಳಗಿನ ಮಣ್ಣು ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಚ್ಚಿಹೋಗಿ ಒಡೆದಂಥವು. ಇಳಿಜಾರು ಜಾರಿ ಒಡೆದದ್ದು ಕಡಿಮೆ. ಅಂದರೆ ನಾವು ಬಹಳ ಚೆನ್ನಾಗಿ ಲೆಕ್ಕ ಹಾಕಬಲ್ಲ ವಿಷಯ ಬೇರೆ, ಅಣೆಕಟ್ಟುಗಳು ಒಡೆಯುವ ಕಾರಣವೇ ಬೇರೆ. ಇನ್ನೊಂದು ಮಾತೂ ಇದೆ. ಹತ್ತಾರು ಅಣೆಕಟ್ಟು ನೋಡಿಕೊಳ್ಳುವ ಇಲಾಖೆಗೆ ಎಲ್ಲವನ್ನೂ ಒಂದೇ ಸಲ ರಿಪೇರಿ ಮಾಡಲು ಹಣ ಇರುವುದಿಲ್ಲ. ಯಾವುದು ಮೊದಲು ಎಂದು ಹೇಳಲು ಪಾಸು-ಫೇಲು ಪಟ್ಟಿ ಸಹಾಯ ಮಾಡುವುದಿಲ್ಲ.

ಒಂದು ಅಂಕಿ ಹುಟ್ಟುವುದು ಹೀಗೆ

ಒಂದು ಹಳೆಯ ಮಣ್ಣಿನ ಅಣೆಕಟ್ಟು ಎಂದುಕೊಳ್ಳಿ. ಅದರ ಹೊಟ್ಟೆಯೊಳಗಿಂದ ನೀರು ಬಿಡುವ ಕಾಂಕ್ರೀಟ್ ಕೊಳವೆ ಹಾದುಹೋಗಿದೆ. ಕಟ್ಟುವಾಗ ದೊಡ್ಡ ರೋಲರ್‌ಗಳು ಕೊಳವೆಯ ಪಕ್ಕಕ್ಕೆ ಹೋಗಲಾರವು. ಹಾಗಾಗಿ ಅಲ್ಲಿನ ಮಣ್ಣು ಉಳಿದ ಕಡೆಯಷ್ಟು ಗಟ್ಟಿಯಾಗಿ ಕೂತಿರುವುದಿಲ್ಲ. ನೀರು ಆ ಸಂದಿ ಹಿಡಿದು ಹೊರಟರೆ, ಕೆಳಬದಿಯಲ್ಲಿ ಮಣ್ಣಿನ ಕಣ ಒಂದೊಂದಾಗಿ ಕಳಚುತ್ತವೆ. ಸಣ್ಣ ಬಿಲ ಆಗುತ್ತದೆ. ಆ ಬಿಲ ಜಲಾಶಯದ ಕಡೆಗೆ ಹಿಂದಕ್ಕೆ ಬೆಳೆಯುತ್ತಾ ಹೋಗುತ್ತದೆ. ಈ ವಿದ್ಯೆಯಲ್ಲಿ ಇದನ್ನು ಪೈಪಿಂಗ್ ಎನ್ನುತ್ತಾರೆ.

ಇದು ಒಂದೇ ಏಟಿಗೆ ನಡೆಯುವುದಲ್ಲ. ಹಲವು ಸಂಗತಿ ಒಂದರ ಹಿಂದೆ ಒಂದು ಕೂಡಿಬರಬೇಕು. ವಿಶ್ಲೇಷಕರು ಆ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಮುಂದಿನ ಅಂಕಿಗಳು ಉದಾಹರಣೆಗೆ ಹಾಕಿದವು, ಕ್ರಮ ಮಾತ್ರ ನಿಜವಾದ ಕೆಲಸದ್ದೇ.

ಮೊದಲು, ಆ ಸಂದಿಗೆ ಒತ್ತಡ ಬೀಳುವಷ್ಟು ನೀರು ಜಲಾಶಯದಲ್ಲಿ ಏರಬೇಕು. ಅದು ಹತ್ತು ವರ್ಷಕ್ಕೊಮ್ಮೆ ಎನ್ನೋಣ, 0.1. ಆಮೇಲೆ ಕೊಳವೆಯ ಪಕ್ಕ ನಿಜವಾಗಿ ಸಂದಿ ಇದ್ದು ಮಣ್ಣು ಕೊಚ್ಚಲು ಶುರುವಾಗಬೇಕು, 0.01. ಕಣಗಳನ್ನು ತಡೆದು ನೀರನ್ನು ಮಾತ್ರ ಬಿಡುವ ಮರಳಿನ ಫಿಲ್ಟರ್ ಅಲ್ಲಿ ಇರಬಾರದು, ಇದ್ದರೂ ಕೆಲಸ ಮಾಡಬಾರದು. ಹಳೆಯ ನಕ್ಷೆಯಲ್ಲಿ ಸ್ಪಷ್ಟವಿಲ್ಲ, ಹಾಗಾಗಿ 0.5. ಬಿಲದ ಮೇಲ್ಛಾವಣಿ ಕುಸಿದು ಬಿಲ ಮುಚ್ಚಿಹೋಗಬಾರದು. ಜೇಡಿ ಮಣ್ಣು ಚೆನ್ನಾಗಿ ನಿಲ್ಲುತ್ತದೆ, ಆದ್ದರಿಂದ 0.9. ಕೊನೆಯದು, ಇಷ್ಟೆಲ್ಲ ಆಗುವಾಗ ಯಾರೂ ಗಮನಿಸಿರಬಾರದು, ಅಥವಾ ಗಮನಿಸಿದರೂ ತಡೆಯಲು ಆಗಿರಬಾರದು. ಅದಕ್ಕೆ 0.1.

ಐದನ್ನೂ ಗುಣಿಸಿದರೆ 0.000045. ಅಂದರೆ ಒಂದು ವರ್ಷದಲ್ಲಿ ಈ ದಾರಿಯಲ್ಲಿ ಒಡೆಯುವ ಸಾಧ್ಯತೆ ಸುಮಾರು 22,000ಕ್ಕೆ ಒಂದು. ಇದು ಜಾಸ್ತಿಯೋ ಕಡಿಮೆಯೋ? ಅಮೆರಿಕದಲ್ಲಿ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಬ್ಯೂರೋ ಆಫ್ ರೆಕ್ಲಮೇಶನ್ ಇಟ್ಟುಕೊಂಡಿರುವ ಮಾರ್ಗದರ್ಶಿ ಗೆರೆ ವರ್ಷಕ್ಕೆ 10,000ಕ್ಕೆ ಒಂದು. ಅದಕ್ಕಿಂತ ಸಾಧ್ಯತೆ ಜಾಸ್ತಿಯಾದರೆ ಏನಾದರೂ ಮಾಡಲೇಬೇಕು ಎಂಬ ವಾದಕ್ಕೆ ಬಲ ಬರುತ್ತದೆ. ನಮ್ಮ ಉದಾಹರಣೆ ಗೆರೆಯ ಒಳಗಿದೆ.

ಈಗ ಐದನೆಯ ಕೊಂಡಿಯನ್ನು ಮಾತ್ರ ಬದಲಿಸಿ ನೋಡೋಣ. ಅಣೆಕಟ್ಟಿನ ಬುಡದಲ್ಲಿ ಪೊದೆ ಬೆಳೆದು ಜಿನುಗು ಕಾಣುವುದೇ ಇಲ್ಲ ಎಂದುಕೊಳ್ಳಿ. ಅಥವಾ ಗಸ್ತು ಹೋಗುವವರು ವಾರಕ್ಕೊಮ್ಮೆ ಬರುತ್ತಿದ್ದವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಅಥವಾ ತುರ್ತಿಗೆ ಸುರಿಯಲು ಮರಳು, ಜಲ್ಲಿ ಹತ್ತಿರದಲ್ಲಿ ಇಲ್ಲ. 0.1 ಹೋಗಿ 0.5 ಆಗುತ್ತದೆ. ಒಟ್ಟು ಲೆಕ್ಕ ಸುಮಾರು 4,400ಕ್ಕೆ ಒಂದಕ್ಕೆ ಬರುತ್ತದೆ. ಗೆರೆ ದಾಟಿಯಾಯಿತು. ಅಣೆಕಟ್ಟಿನ ಮಣ್ಣು ಅದೇ, ಕೊಳವೆ ಅದೇ, ನೀರೂ ಅದೇ. ಬದಲಾದದ್ದು ಬುಡದಲ್ಲಿ ಯಾರು, ಯಾವಾಗ, ಏನು ನೋಡುತ್ತಾರೆ ಎಂಬುದಷ್ಟೇ. ಈ ಐದನೆಯ ಕೊಂಡಿ ಯಾವ ಫೈಲಿನಲ್ಲೂ ಸಿಗುವುದಿಲ್ಲ. ದೂರದಿಂದ ಕೆಲಸ ಮಾಡುವವರಿಗೆ ನಿಜವಾದ ಕಷ್ಟ ಇರುವುದು ಇಲ್ಲಿ, ಸಾಫ್ಟ್‌ವೇರಿನಲ್ಲಿ ಅಲ್ಲ.

0.01, 0.9 ಎಂಬ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳಬೇಕು ಅನಿಸುತ್ತದೆ, ಅಲ್ವಾ? ನೀರಿನ ಮಟ್ಟಕ್ಕೆ ಹಲವು ವರ್ಷಗಳ ದಾಖಲೆ ಇರುತ್ತದೆ, ಅಲ್ಲಿ ಅಂಕಿಅಂಶದ ಲೆಕ್ಕ ನಡೆಯುತ್ತದೆ. ಮಣ್ಣು ಕೊಚ್ಚುವ ವಿಷಯದಲ್ಲಿ ಅಂಥ ದಾಖಲೆ ಇಲ್ಲ. ಅಲ್ಲಿ ಅನುಭವಿಗಳು ಕೂತು ಪುರಾವೆ ತೂಗಿ ನೋಡುತ್ತಾರೆ. ಮಾತನ್ನು ಅಂಕಿಗೆ ಇಳಿಸಲು ಬಳಕೆಯಲ್ಲಿರುವ ಒಂದು ಪಟ್ಟಿ ಇದೆ: ಆಗುವ ಸಾಧ್ಯತೆಯೇ ಹೆಚ್ಚು ಎನಿಸಿದರೆ 0.9, ಎರಡು ಕಡೆಗೂ ಸಮ ಎನಿಸಿದರೆ 0.5, ಆಗಲಿಕ್ಕಿಲ್ಲ ಎಂದರೆ 0.1, ಆಗುವುದು ಬಹಳ ಕಷ್ಟ ಎಂದರೆ 0.01, ಬಹುತೇಕ ಅಸಾಧ್ಯ ಎಂದರೆ 0.001. ಇದು ಸುಮ್ನೆ ಊಹೆ ಅಲ್ಲ. ಪ್ರತಿ ಅಂಕಿಯ ಪಕ್ಕದಲ್ಲೂ, ಇದು ಹೆಚ್ಚಾಗಲು ಕಾರಣಗಳೇನು, ಕಡಿಮೆಯಾಗಲು ಕಾರಣಗಳೇನು ಎಂದು ಎರಡು ಕಾಲಂ ತುಂಬಬೇಕು. ನನ್ನ ಮಟ್ಟಿಗೆ ವರದಿಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಆ ಎರಡು ಕಾಲಂಗಳೇ. ಹತ್ತು ವರ್ಷದ ನಂತರ ಬೇರೆ ಯಾರೋ ಬಂದು ಓದಿದಾಗ, ಯಾವ ಕಾರಣ ಈಗ ನಿಜವಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗಬೇಕು.

ಒಡೆದರೆ ಏನಾಗುತ್ತದೆ

ಅಪಾಯದ ಇನ್ನರ್ಧ ಕೆಳಗಿರುವ ಜನರದ್ದು. 1976ರ ಜೂನ್ 5ರಂದು ಅಮೆರಿಕದ ಐಡಾಹೋ ರಾಜ್ಯದಲ್ಲಿ ಟೀಟನ್ ಅಣೆಕಟ್ಟು ಮೊದಲ ಸಲ ತುಂಬುತ್ತಿರುವಾಗಲೇ ಒಡೆಯಿತು. ಎತ್ತರ ಸುಮಾರು 93 ಮೀಟರ್. ಕಾರಣ ಒಳಗಿನ ಮಣ್ಣು ಕೊಚ್ಚಿದ್ದು. ಬೆಳಿಗ್ಗೆಯೇ ಕೆಸರು ನೀರು ಕಣ್ಣಿಗೆ ಬಿತ್ತು, ಮಧ್ಯಾಹ್ನ 12ಕ್ಕೆ ಸ್ವಲ್ಪ ಮುಂಚೆ ಕಟ್ಟೆ ಬಾಯಿಬಿಟ್ಟಿತು. ನಡುವಿನ ಆ ಕೆಲವು ಗಂಟೆಗಳಲ್ಲಿ ಕೆಳಗಿನ ಜನರಿಗೆ ಎಚ್ಚರಿಕೆ ತಲುಪಿತು. ಊರುಗಳೇ ಮುಳುಗಿದರೂ ಸತ್ತವರು 11 ಮಂದಿ. ಫ್ರಾನ್ಸಿನ ಮಾಲ್‌ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಏಕಾಏಕಿ ಒಡೆದಾಗ 400ಕ್ಕೂ ಹೆಚ್ಚು ಜನ ಸತ್ತರು. ಟೀಟನ್ ಅದಕ್ಕಿಂತ ಎತ್ತರದ್ದು, ನೀರೂ ಅದರಲ್ಲೇ ಜಾಸ್ತಿ. ಆದರೂ ಸತ್ತವರ ಲೆಕ್ಕ ಉಲ್ಟಾ. ಹೊತ್ತು ಯಾವುದು, ಎಚ್ಚರಿಕೆ ಎಷ್ಟು ಮುಂಚೆ ಸಿಕ್ಕಿತು ಎಂಬುದಕ್ಕೆ ಅಷ್ಟು ತೂಕ ಇದೆ.

ಈ ಭಾಗದ ಲೆಕ್ಕ ದೂರದಿಂದ ಮಾಡಲು ಹೇಳಿ ಮಾಡಿಸಿದ ಹಾಗಿದೆ. ಹೆಕ್-ರಾಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕಟ್ಟೆ ಒಡೆದಂತೆ ಮಾಡಿ, ಪ್ರವಾಹ ಎಲ್ಲೆಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಆಳದಲ್ಲಿ ತಲುಪುತ್ತದೆ ಎಂದು ನೋಡಬಹುದು. ಲೈಫ್‌ಸಿಮ್ ಎಂಬ ಇನ್ನೊಂದರಲ್ಲಿ ಜನ ಯಾವಾಗ ಹೊರಡುತ್ತಾರೆ, ದಾರಿಯಲ್ಲಿ ಎಷ್ಟು ಜನ ಸಿಕ್ಕಿಬೀಳುತ್ತಾರೆ ಎಂದು ಅಂದಾಜು ಮಾಡಬಹುದು. ಎರಡನ್ನೂ ಅಮೆರಿಕದ ಸೇನಾ ಎಂಜಿನಿಯರ್‌ಗಳ ವಿಭಾಗ ಕೊಡುತ್ತದೆ. ನಮ್ಮ ಉದಾಹರಣೆಯ ಅಣೆಕಟ್ಟಿನ ಕೆಳಗೆ ಅಂದಾಜು 20 ಜೀವ ಹೋಗಬಹುದು ಎಂದಿಟ್ಟುಕೊಳ್ಳಿ. ಮೊದಲ ಲೆಕ್ಕದಲ್ಲಿ ವರ್ಷಕ್ಕೆ 0.0009 ಜೀವ, ಎರಡನೆಯದರಲ್ಲಿ 0.0045. ಇದಕ್ಕೆ ರೆಕ್ಲಮೇಶನ್‌ನ ಗೆರೆ 0.001. ಜೀವವನ್ನು ದಶಾಂಶದಲ್ಲಿ ಬರೆಯುವುದು ಓದಲು ಹಿತವಲ್ಲ. ಆದರೂ ಬರೆಯಬೇಕು. ಬರೆಯದಿದ್ದರೆ ಹಣ ಯಾವ ಅಣೆಕಟ್ಟಿಗೆ ಹೋಗಬೇಕು ಎಂಬುದು ಯಾರ ದನಿ ದೊಡ್ಡದು ಎಂಬುದರ ಮೇಲೆ ತೀರ್ಮಾನ ಆಗುತ್ತದೆ.

ದೂರದಲ್ಲಿ ಕೂತವರಿಗೆ ಕಾಣುವುದು, ಕಾಣದಿರುವುದು

ಮೇಜಿಗೆ ಬರುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಹಳೆಯ ಕಾಗದ. ಕಟ್ಟುವಾಗಿನ ನಕ್ಷೆ, ತಳಪಾಯ ತೋಡಿದಾಗಿನ ಕಪ್ಪು-ಬಿಳುಪು ಫೋಟೋ, ಕಲ್ಲು ಕೊರೆದ ದಾಖಲೆ, ಪೀಜೋಮೀಟರ್ (ಕಟ್ಟೆಯೊಳಗಿನ ನೀರಿನ ಒತ್ತಡ ಅಳೆಯುವ ಸಾಧನ) ರೀಡಿಂಗ್, ಸೋರಿಕೆಯ ಅಳತೆ, ಗೇಟ್ ಗ್ರೀಸ್ ಮಾಡಿದ ರಿಜಿಸ್ಟರ್. ಇದನ್ನು ಪುಟ ಬಿಡದೆ ಓದುವ ತಾಳ್ಮೆ ಇದ್ದರೆ, ಸ್ಥಳಕ್ಕೆ ಹೋದವರಿಗೂ ಕಾಣದ್ದು ಕಾಣುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಕ್ಯಾಲಿಫೋರ್ನಿಯಾದ ಒರೋವಿಲ್. 235 ಮೀಟರ್ ಎತ್ತರ, ಅಮೆರಿಕದಲ್ಲೇ ಅತಿ ಎತ್ತರದ ಅಣೆಕಟ್ಟು. 2017ರ ಫೆಬ್ರವರಿ 7ರಂದು ಹೆಚ್ಚಾದ ನೀರನ್ನು ಹೊರಬಿಡುವ ಅದರ ಮುಖ್ಯ ಸ್ಪಿಲ್‌ವೇಯ ಕಾಂಕ್ರೀಟ್ ನೆಲ ಕಿತ್ತುಹೋಗಿ ದೊಡ್ಡ ಹೊಂಡ ಬಿತ್ತು. ಐದು ದಿನದ ನಂತರ ತುರ್ತು ಸ್ಪಿಲ್‌ವೇಯ ಕೆಳಗಿನ ನೆಲವೂ ಕೊರೆಯತೊಡಗಿತು. ಸುಮಾರು 1,88,000 ಜನರನ್ನು ಊರು ಬಿಡಿಸಬೇಕಾಯಿತು. ಆ ಅಣೆಕಟ್ಟಿನ ತಪಾಸಣೆ ಆಗಿರಲಿಲ್ಲವೇ? ಆಗಿತ್ತು, ಮತ್ತೆ ಮತ್ತೆ ಆಗಿತ್ತು. ಸ್ವತಂತ್ರ ತನಿಖಾ ತಂಡ ಕಂಡುಕೊಂಡದ್ದು ಬೇರೆ. ಕಾಂಕ್ರೀಟ್ ಹಾಸು ಅದರಡಿಯ ಚರಂಡಿ ಕೊಳವೆಗಳ ಮೇಲೆ ತೆಳುವಾಗಿತ್ತು, ಬಿರುಕು ಬಿಟ್ಟಿತ್ತು. ಅದರ ಕೆಳಗಿನ ಕಲ್ಲು ಕೆಲವು ಕಡೆ ಶಿಥಿಲವಾಗಿತ್ತು. ಇದೆಲ್ಲ ಕಟ್ಟಿದಾಗಿನ ದಾಖಲೆಗಳಲ್ಲೇ ಇತ್ತು. ಮುಂದಿನ ದಶಕಗಳಲ್ಲಿ ಆ ದಾಖಲೆಗಳನ್ನು ಬೇರುಮಟ್ಟದಲ್ಲಿ ಓದಿದವರಿಲ್ಲ. ಕಣ್ಣಳತೆಯ ತಪಾಸಣೆ ಬೇಕು, ಆದರೆ ಅದೊಂದೇ ಸಾಲದು ಎಂದು ತಂಡ ಬರೆಯಿತು. ಮನೆಯಲ್ಲಿ ಕೂತು ಹಳೆಯ ಕಾಗದ ತಿರುವುವ ಕೆಲಸವನ್ನು ಕೀಳಾಗಿ ಕಾಣುವವರಿಗೆ ನಾನು ಕೊಡುವ ಉತ್ತರ ಇದೇ.

ಗೇಟ್‌ಗಳ ವಿಷಯವೂ ಹೀಗೆಯೇ. 1995ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಅಣೆಕಟ್ಟಿನ ಒಂದು ಗೇಟ್ ಎತ್ತುವಾಗಲೇ ಮುರಿದುಹೋಯಿತು. ಗೇಟ್ ತಿರುಗುವ ಪಿನ್ ತುಕ್ಕು ಹಿಡಿದು, ವರ್ಷದಿಂದ ವರ್ಷಕ್ಕೆ ಘರ್ಷಣೆ ಹೆಚ್ಚಿತ್ತು. ಮೂಲ ವಿನ್ಯಾಸದಲ್ಲಿ ಆ ಘರ್ಷಣೆಯ ಲೆಕ್ಕವೇ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದನ್ನು ಓದುಗರು ಮರೆತಿರಲಾರರು. ಗ್ರೀಸ್ ರಿಜಿಸ್ಟರ್, ಚೈನ್ ಪರೀಕ್ಷೆಯ ದಾಖಲೆ, ಗೇಟ್ ಎತ್ತುವ ಮೋಟರ್ ಎಳೆದ ಕರೆಂಟ್, ಇವೆಲ್ಲ ದೂರದಿಂದಲೇ ಕೇಳಿ ತರಿಸಿಕೊಳ್ಳಬಹುದಾದ ಪುರಾವೆಗಳು.

ಆದರೆ ತೆರೆಯ ಮೇಲೆ ಬರುವ ರೀಡಿಂಗನ್ನು ನಂಬುವ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಅಮೆರಿಕದ ಮಿಸ್ಸೌರಿ ರಾಜ್ಯದ ಟಾಮ್ ಸಾಕ್ ಇದಕ್ಕೆ ಕಣ್ಣಿಗೆ ಕಟ್ಟುವ ಪ್ರಸಂಗ. ಬೆಟ್ಟದ ತುದಿಯಲ್ಲಿ ಜಲಾಶಯ. ಕೆಳಗಿನಿಂದ ರಾತ್ರಿ ನೀರು ಪಂಪ್ ಮಾಡಿ ತುಂಬಿಸುವುದು, ಹಗಲು ಇಳಿಸಿ ವಿದ್ಯುತ್ ತೆಗೆಯುವುದು. ಪಂಪ್ ನಡೆಸುತ್ತಿದ್ದದ್ದು ದೂರದಿಂದ, ಬೆಟ್ಟದ ಮೇಲೆ ಕಾವಲಿಗೆ ಯಾರೂ ಇರಲಿಲ್ಲ. ನೀರಿನ ಮಟ್ಟ ತೋರಿಸುವ ಸೆನ್ಸರ್‌ಗಳನ್ನು ಕೊಳವೆಯೊಳಗಿಟ್ಟು ಜಲಾಶಯದ ಒಳಗೋಡೆಗೆ ಬಿಗಿದಿದ್ದರು. ಆ ಬಿಗಿತ ಸಡಿಲವಾಗಿ ಕೊಳವೆಗಳು ಬಾಗಿದವು, ಸೆನ್ಸರ್‌ಗಳು ಮೇಲಕ್ಕೆ ಸರಿದವು. ನೀರು ಇರುವುದಕ್ಕಿಂತ ಕಡಿಮೆ ಎಂದು ತೋರಿಸತೊಡಗಿದವು. ಜಾಸ್ತಿಯಾದರೆ ಪಂಪ್ ನಿಲ್ಲಿಸಬೇಕಾದ ಇನ್ನೊಂದು ಜೊತೆ ಸೆನ್ಸರ್ ಇತ್ತು. ಆದರೆ ಅದನ್ನು ಗೋಡೆಯ ಅತಿ ತಗ್ಗಿನ ಜಾಗಕ್ಕಿಂತ ಎತ್ತರದಲ್ಲಿ ಇಟ್ಟಿದ್ದರು. ಹಿಂದಿನ ಸೆಪ್ಟೆಂಬರಿನಲ್ಲೇ ನೀರು ಗೋಡೆ ದಾಟಿದ್ದನ್ನು ನೋಡಿದವರಿದ್ದರು. 2005ರ ಡಿಸೆಂಬರ್ 14ರ ನಸುಕಿನಲ್ಲಿ ತುಂಬಿದ ಜಲಾಶಯಕ್ಕೆ ಪಂಪ್ ಇನ್ನೂ ನೀರು ಸುರಿಯುತ್ತಲೇ ಇತ್ತು. ನೀರು ಗೋಡೆಯ ಮೇಲಿಂದ ಹರಿದು, ಅದರಡಿಯ ಕಲ್ಲಿನ ಕಟ್ಟೆಯನ್ನು ಕೊರೆದು, ಅರ್ಧ ಗಂಟೆಯೊಳಗೆ ಇಡೀ ಜಲಾಶಯ ಖಾಲಿಯಾಯಿತು. ಕೆಳಗಿನ ಉದ್ಯಾನದಲ್ಲಿ ವಾಸವಿದ್ದ ಐದು ಜನರ ಕುಟುಂಬ ಮನೆಯ ಸಮೇತ ಕೊಚ್ಚಿಹೋದರೂ ಎಲ್ಲರೂ ಬದುಕುಳಿದರು. ಚಳಿಗಾಲವಾದ್ದರಿಂದ ಅಲ್ಲಿನ ಶಿಬಿರದ ಜಾಗ ಖಾಲಿ ಇತ್ತು.

ಹಾಗಾಗಿ ರೀಡಿಂಗ್ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು ಅಂಕಿ ಎಷ್ಟು ಎಂದಲ್ಲ. ಈ ಸೆನ್ಸರ್ ಎಲ್ಲಿದೆ, ಯಾವುದಕ್ಕೆ ಬಿಗಿದಿದ್ದಾರೆ, ಕೊನೆಯ ಸಲ ಕೈಯಿಂದ ಅಳೆದು ತಾಳೆ ನೋಡಿದ್ದು ಯಾವಾಗ ಎಂದು ಕೇಳಬೇಕು. ತಿಂಗಳುಗಟ್ಟಲೆ ಒಂದೇ ಅಂಕಿ ತೋರಿಸುವ ಪೀಜೋಮೀಟರ್ ನೆಮ್ಮದಿಯ ಸುದ್ದಿ ಅಲ್ಲ, ಅದು ಕೆಟ್ಟಿರಬಹುದು. ಸೋರಿಕೆ ಕಡಿಮೆಯಾಗಿದೆ ಎಂದರೆ ನೀರು ಅಳತೆಯ ಜಾಗ ಬಿಟ್ಟು ಬೇರೆ ಕಡೆ ಹರಿಯುತ್ತಿರಬಹುದು. ಸೋರುವ ನೀರು ತಿಳಿಯೋ ಕೆಸರೋ ಎಂಬುದು ಅದರ ಪ್ರಮಾಣಕ್ಕಿಂತ ದೊಡ್ಡ ಸಂಗತಿ, ಅದನ್ನು ಹೇಳುವ ಕಾಲಂ ಎಷ್ಟೋ ಫಾರಂಗಳಲ್ಲಿ ಇರುವುದೇ ಇಲ್ಲ. ಇದಕ್ಕೆಲ್ಲ ಒಂದೇ ಉಪಾಯ, ಅಲ್ಲಿ ದಿನಾ ಓಡಾಡುವವರ ಜೊತೆ ಫೋನಿನಲ್ಲಿ ಮಾತಾಡುವುದು. ವಿಡಿಯೋ ಕಾಲ್ ಹಾಕಿಸಿ ಬುಡದುದ್ದಕ್ಕೂ ನಡೆಸುವುದು. "ಈ ಒದ್ದೆ ಮೊದಲೂ ಇತ್ತಾ?" ಎಂದು ಕೇಳುವುದು. ಗೇಟ್ ನೋಡಿಕೊಳ್ಳುವವರಿಗೆ ಗೊತ್ತಿರುವ ಎಷ್ಟೋ ವಿಷಯ ಯಾರೂ ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ವರದಿಗೆ ಬಂದಿರುವುದಿಲ್ಲ. ಅವರಿಗೆ ಮರ್ಯಾದೆ ಕೊಟ್ಟು, ಅವಸರ ಮಾಡದೆ ಕೇಳುವುದು ಈ ವೃತ್ತಿಯ ತಾಂತ್ರಿಕ ಕೌಶಲ್ಯಗಳಲ್ಲೇ ಒಂದು ಎಂದು ನಾನು ನಂಬುತ್ತೇನೆ.

ಡ್ರೋನ್, ಉಪಗ್ರಹ ಇವೆಯಲ್ಲ ಎನ್ನಬಹುದು. ಇವೆ, ಉಪಯೋಗವೂ ಇದೆ. ರಾಡಾರ್ ಉಪಗ್ರಹಗಳ ಚಿತ್ರ ಹೋಲಿಸಿ ಕಟ್ಟೆ ಮಿಲಿಮೀಟರ್ ಲೆಕ್ಕದಲ್ಲಿ ಕುಸಿಯುವುದನ್ನೂ ಹಿಡಿಯಬಹುದು. ಗಿಡಗಂಟಿ ದಟ್ಟವಾಗಿದ್ದರೆ ಮಾತ್ರ ಕಷ್ಟ. ಆದರೆ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಗಣಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 270 ಜನ ಸತ್ತರು. ಏಳು ದಿನ ಮುಂಚೆ ತೆಗೆದ ಡ್ರೋನ್ ವಿಡಿಯೋದಲ್ಲಿ ತೊಂದರೆಯ ಲಕ್ಷಣ ಏನೂ ಕಾಣಲಿಲ್ಲ ಎಂದು ತಜ್ಞರ ಸಮಿತಿ ಬರೆದಿದೆ. ಒಳಗಿನ ಒದ್ದೆ ತ್ಯಾಜ್ಯ ಒಮ್ಮೆಲೇ ಬಲ ಕಳೆದುಕೊಳ್ಳುವಂಥ ಕಟ್ಟೆ ಅದು. ಕೆಲವು ಅಣೆಕಟ್ಟುಗಳು ಮುನ್ಸೂಚನೆ ಕೊಡುವ ಜಾತಿಯವಲ್ಲ. ಅಂಥ ಕಡೆ ಐದನೆಯ ಕೊಂಡಿಗೆ 0.1 ಹಾಕುವ ಹಕ್ಕು ಯಾರಿಗೂ ಇಲ್ಲ, ಎಷ್ಟೇ ಕ್ಯಾಮರಾ ಇಟ್ಟರೂ.

ತಜ್ಞರ ಸಭೆ ಆನ್‌ಲೈನಿನಲ್ಲಿ ನಡೆಯುವುದರಲ್ಲಿ ಒಂದು ಲಾಭವೇ ಇದೆ. ಒಂದೇ ಕೋಣೆಯಲ್ಲಿ ಕೂತಾಗ ಹಿರಿಯರು ಮೊದಲು ಒಂದು ಅಂಕಿ ಹೇಳಿಬಿಟ್ಟರೆ ಉಳಿದವರೆಲ್ಲ ಅದರ ಸುತ್ತಲೇ ಸುತ್ತುತ್ತಾರೆ. ಆನ್‌ಲೈನಿನಲ್ಲಿ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಬೇರೆಯವರಿಗೆ ಕಾಣದ ಹಾಗೆ ಬರೆದು ಕಳಿಸಬಹುದು. ಆಮೇಲೆ ಎಲ್ಲವನ್ನೂ ಒಟ್ಟಿಗೆ ತೆರೆಯುವುದು. ಒಬ್ಬರು 0.5, ಇನ್ನೊಬ್ಬರು 0.001 ಎಂದಿದ್ದರೆ ಅಲ್ಲೇ ಒಳ್ಳೆಯ ಚರ್ಚೆ ಶುರುವಾಗುತ್ತದೆ. ಎಷ್ಟೋ ಸಲ ಒಬ್ಬರು ನೋಡಿದ ನಕ್ಷೆಯನ್ನು ಇನ್ನೊಬ್ಬರು ನೋಡಿರುವುದಿಲ್ಲ. ಸರಾಸರಿ ತೆಗೆದು ಮುಂದೆ ಹೋಗುವುದು ಸುಲಭ, ಮಾಡಬಾರದು. ಹಾಗೆಂದು ಇಡೀ ಅಧ್ಯಯನ ಪರದೆಯ ಮೇಲೆಯೇ ಮುಗಿಯಬಾರದು. ತಂಡದಲ್ಲಿ ಕೆಲವರಾದರೂ ಒಮ್ಮೆ ಸ್ಥಳಕ್ಕೆ ಹೋಗಲೇಬೇಕು, ಸಾಧ್ಯವಾದರೆ ಜಲಾಶಯ ತುಂಬಿರುವಾಗ. ಖಾಲಿ ಜಲಾಶಯದ ಬುಡದಲ್ಲಿ ಸೋರಿಕೆ ಹುಡುಕಿ ಪ್ರಯೋಜನವಿಲ್ಲ.

ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳಬೇಕಾದ ಎರಡು ವಿಷಯ ಇವೆ. ಅಣೆಕಟ್ಟಿನ ನಕ್ಷೆ, ಮುಳುಗಡೆ ನಕ್ಷೆ ಸೂಕ್ಷ್ಮ ಮಾಹಿತಿ. ಸ್ವಂತ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು, ವಾಟ್ಸಾಪಿನಲ್ಲಿ ಕಳಿಸುವುದು ನಡೆಯುವುದಿಲ್ಲ. ಮಾಲೀಕರ ಸರ್ವರ್‌ನಲ್ಲೇ ಕೆಲಸ ಮಾಡಬೇಕಾಗಬಹುದು. ಎರಡನೆಯದು, ತುರ್ತು ಹೊತ್ತಿನಲ್ಲಿ ಯಾರ ಕೆಲಸ ಯಾವುದು ಎಂಬುದು. ದೂರದ ವಿಶ್ಲೇಷಕರು ಎಚ್ಚರಿಕೆ ವ್ಯವಸ್ಥೆ ಅಲ್ಲ. ಗೇಟ್ ತೆರೆಯುವ, ಊರು ಖಾಲಿ ಮಾಡಿಸುವ ತೀರ್ಮಾನ ಸ್ಥಳದಲ್ಲಿರುವವರದ್ದು, ತುರ್ತು ಯೋಜನೆಯಲ್ಲಿ ಹೆಸರಿರುವವರದ್ದು. ಬೇರೆ ಗಡಿಯಾರದಲ್ಲಿ ಬದುಕುವ ಒಬ್ಬರು ಇಮೇಲ್ ನೋಡುವವರೆಗೆ ಯಾರೂ ಕಾಯಬಾರದು.

ಈ ಕೆಲಸಕ್ಕೆ ಬರಬೇಕು ಎನ್ನುವವರಿಗೆ ನಾನು ಹೇಳುವುದು, ಇದನ್ನು ಮೊದಲ ಉದ್ಯೋಗ ಮಾಡಿಕೊಳ್ಳಬೇಡಿ. ಮಣ್ಣು, ನೀರು ಅಥವಾ ಗೇಟ್, ಯಾವುದಾದರೂ ಒಂದರಲ್ಲಿ ಕೆಲವು ವರ್ಷ ಸ್ಥಳದಲ್ಲೇ ಕೆಲಸ ಮಾಡಿ. ಜಿನುಗು ಹೇಗಿರುತ್ತದೆ ಎಂದು ಕೈಯಿಂದ ಮುಟ್ಟಿ ನೋಡಿದವರಿಗೆ ಫೋಟೋದಲ್ಲಿ ಕಂಡ ಒದ್ದೆ ಬೇರೆಯೇ ಮಾತು ಹೇಳುತ್ತದೆ. ಸಂಭವನೀಯತೆಯ ಗಣಿತ ಆಮೇಲೆ ಕಲಿಯಬಹುದು, ಅದು ಅಂಥ ಕಷ್ಟದ್ದಲ್ಲ. ಅಭ್ಯಾಸಕ್ಕೆ ಒಳ್ಳೆಯ ದಾರಿ ಒಂದಿದೆ. ಒರೋವಿಲ್, ಟಾಮ್ ಸಾಕ್, ಬ್ರುಮಾಡಿನ್ಯೊ ತನಿಖಾ ವರದಿಗಳು ಎಲ್ಲರಿಗೂ ಓದಲು ಸಿಗುತ್ತವೆ. ಒಂದನ್ನು ತೆಗೆದುಕೊಳ್ಳಿ. ಘಟನೆಯ ಹಿಂದಿನ ವರ್ಷ ನಿಮ್ಮ ಕೈಗೆ ಯಾವ ದಾಖಲೆ ಇರುತ್ತಿತ್ತೋ ಅಷ್ಟನ್ನು ಮಾತ್ರ ಇಟ್ಟುಕೊಂಡು ಕೊಂಡಿಗಳನ್ನು ಬರೆಯಿರಿ, ಪ್ರತಿಯೊಂದಕ್ಕೂ ಅಂಕಿ ಹಾಕಿ, ಪಕ್ಕದ ಎರಡು ಕಾಲಂ ತುಂಬಿ. ಆಮೇಲೆ ತನಿಖಾ ತಂಡ ಬರೆದದ್ದರ ಜೊತೆ ತಾಳೆ ನೋಡಿ, ಯಾವ ಕೊಂಡಿ ನಿಮಗೆ ಹೊಳೆಯಲೇ ಇಲ್ಲ ಎಂದು ಗುರುತು ಹಾಕಿಕೊಳ್ಳಿ.